ಐಡಿಟರಾಡ್ ಆಧಾರಿತ ಬೋಧನೆ

ಅಲಾಸ್ಕದಲ್ಲಿ ಪ್ರತಿ ಮಾರ್ಚ್ ತಿಂಗಳು ನಡೆಯುವ ಐಡಿಟರಾಡ್ ಎಂಬ, ನಾಯಿಗಳು ಎಳೆಯುವ ಹಿಮಬಂಡಿಗಳ ದೂರದ ಓಟವನ್ನು ನಡುವಿಗಿಟ್ಟುಕೊಂಡು ಗಣಿತ, ವಿಜ್ಞಾನ, ಭೂಗೋಳ, ಇತಿಹಾಸ, ಭಾಷೆ, ಪೌರನೀತಿ ಮುಂತಾದ ಶಾಲಾ ವಿಷಯಗಳನ್ನು ಒಟ್ಟಿಗೆ ಕಲಿಸುವ ಕ್ರಮ. ಅಮೆರಿಕ ಸಂಯುಕ್ತ ಸಂಸ್ಥಾನದ ಶಾಲೆಗಳಲ್ಲಿ, ಅದರಲ್ಲೂ ಪ್ರಾಥಮಿಕ ಹಂತದ ಮೇಲಿನ ತರಗತಿಗಳಲ್ಲಿ ಇದು ರೂಢಿಯಲ್ಲಿದೆ. ಹಿಮವನ್ನೇ ಕಾಣದ ಊರುಗಳ ಮಕ್ಕಳೂ ನಕ್ಷೆ, ಗಡಿಯಾರ ಮತ್ತು ಅಂಕಿಗಳ ಪಟ್ಟಿ ಹಿಡಿದು ಓಟವನ್ನು ದಿನದಿನವೂ ಹಿಂಬಾಲಿಸುತ್ತಾರೆ. ಓಟ ಮುಗಿಯುವವರೆಗೆ ಫಲಿತಾಂಶ ಶಿಕ್ಷಕರಿಗೂ ತಿಳಿದಿರುವುದಿಲ್ಲ. ಪಠ್ಯಪುಸ್ತಕದ ಲೆಕ್ಕಕ್ಕೂ ಈ ಲೆಕ್ಕಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಓಟದ ಸ್ವರೂಪ

ಅಲಾಸ್ಕದ ಬಹುಪಾಲು ಹಳ್ಳಿಗಳಿಗೆ ಇಂದಿಗೂ ರಸ್ತೆಯಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಚಳಿಗಾಲದ ಅಂಚೆ, ಔಷಧಿ, ಚಿನ್ನ, ದಿನಸಿ ಎಲ್ಲವೂ ನಾಯಿಗಳು ಎಳೆಯುವ ಹಿಮಬಂಡಿಗಳಲ್ಲೇ ಸಾಗುತ್ತಿದ್ದವು. ವಿಮಾನ ಬಂದ ಮೇಲೆ ಈ ಸಾಗಣೆ ಇಳಿಯಿತು. 1960ರ ದಶಕದಲ್ಲಿ ಯಂತ್ರಚಾಲಿತ ಹಿಮವಾಹನ ಬಂದಾಗ ಹಳ್ಳಿಯ ಮನೆಗಳಲ್ಲಿದ್ದ ನಾಯಿಗಳ ತಂಡಗಳೂ ಮಾಯವಾಗತೊಡಗಿದವು. ಈ ಪರಂಪರೆಯನ್ನೂ ಹಳೆಯ ಐಡಿಟರಾಡ್ ಹಾದಿಯನ್ನೂ ಉಳಿಸಲು ಜೋ ರೆಡಿಂಗ್‌ಟನ್ ಮತ್ತು ಡೊರೊಥಿ ಪೇಜ್ ಮುಂದಾದರು. ಅಮೆರಿಕ ಅಲಾಸ್ಕವನ್ನು ರಷ್ಯದಿಂದ ಕೊಂಡು ನೂರು ವರ್ಷ ತುಂಬಿದ 1967ರಲ್ಲಿ ಹಾದಿಯ ಒಂದು ಸಣ್ಣ ಭಾಗದಲ್ಲಿ ಓಟ ನಡೆಯಿತು. 1973ರಲ್ಲಿ ಆಂಕರೇಜ್‌ನಿಂದ ಬೇರಿಂಗ್ ಸಮುದ್ರ ತೀರದ ನೋಮ್ ಪಟ್ಟಣದವರೆಗಿನ ಪೂರ್ಣ ಓಟ ಮೊದಲ ಬಾರಿಗೆ ನಡೆದು, ಹೊರಟ 34 ತಂಡಗಳಲ್ಲಿ 22 ಗುರಿ ಮುಟ್ಟಿದವು. ಗೆದ್ದ ಡಿಕ್ ವಿಲ್‌ಮಾರ್ತ್ 20 ದಿನಕ್ಕಿಂತ ತುಸು ಹೆಚ್ಚು ಸಮಯ ತೆಗೆದುಕೊಂಡರು.

ಓಟದ ದೂರ ಸುಮಾರು 1,600 ಕಿ.ಮೀ. ಸಾಂಕೇತಿಕವಾಗಿ ಅದನ್ನು 1,049 ಮೈಲಿ ಎನ್ನುವ ವಾಡಿಕೆಯಿದೆ. ಸಾವಿರದ ಮೇಲಿನ 49, ಅಲಾಸ್ಕ ಅಮೆರಿಕದ 49ನೆಯ ರಾಜ್ಯವೆಂಬುದರ ಗುರುತು. ಮಾರ್ಚ್ ತಿಂಗಳ ಮೊದಲ ಶನಿವಾರ ಆಂಕರೇಜ್‌ನಲ್ಲಿ ವಿಧ್ಯುಕ್ತ ಆರಂಭ, ಮರುದಿನ ಸಾಮಾನ್ಯವಾಗಿ ವಿಲ್ಲೋ ಎಂಬಲ್ಲಿಂದ ನಿಜವಾದ ಓಟ. ಸಮ ಸಂಖ್ಯೆಯ ವರ್ಷಗಳಲ್ಲಿ ಉತ್ತರದ ಹಾದಿ, ಬೆಸ ವರ್ಷಗಳಲ್ಲಿ ದಕ್ಷಿಣದ ಹಾದಿ. ಎರಡೂ ಯೂಕಾನ್ ನದಿಯ ದಡದ ಕಾಲ್ಟಾಗ್‌ನಲ್ಲಿ ಕೂಡುತ್ತವೆ. ಬಂಡಿ ನಡೆಸುವವರನ್ನು ಮಶರ್ ಎನ್ನುತ್ತಾರೆ. ದಾರಿಯುದ್ದಕ್ಕೂ ಇರುವ ಚೆಕ್‌ಪಾಯಿಂಟ್‌ಗಳಲ್ಲಿ ಪಶುವೈದ್ಯರು ನಾಯಿಗಳನ್ನು ಪರೀಕ್ಷಿಸುತ್ತಾರೆ. ಬಳಲಿದ ಅಥವಾ ಗಾಯಗೊಂಡ ನಾಯಿಯನ್ನು ಅಲ್ಲಿಯೇ ಬಿಡಬಹುದು, ಅದರ ಬದಲಿಗೆ ಬೇರೆ ನಾಯಿಯನ್ನು ಸೇರಿಸಿಕೊಳ್ಳುವಂತಿಲ್ಲ. ಪ್ರತಿ ತಂಡ ಒಮ್ಮೆ 24 ಗಂಟೆ, ಯೂಕಾನ್ ನದಿಯ ಬಳಿ 8 ಗಂಟೆ, ಕೊನೆಗೆ ವೈಟ್ ಮೌಂಟನ್‌ನಲ್ಲಿ 8 ಗಂಟೆ ಕಡ್ಡಾಯವಾಗಿ ತಂಗಬೇಕು. ಕೊನೆಯವರಾಗಿ ಗುರಿ ಮುಟ್ಟಿದವರಿಗೂ ‘ಕೆಂಪು ಲಾಟೀನು’ ಎಂಬ ಗೌರವವಿದೆ.

ಶೈಕ್ಷಣಿಕ ಹಿನ್ನೆಲೆ

ಒಂದು ಪ್ರಸಂಗದ ಸುತ್ತ ಹಲವು ವಿಷಯಗಳನ್ನು ಹೆಣೆಯುವ ವಿಚಾರ ಐಡಿಟರಾಡ್‌ಗಿಂತ ಹಳೆಯದು. ಅನುಭವದ ಮೂಲಕ ಕಲಿಕೆ ಎಂಬ ಜಾನ್ ಡ್ಯೂಯಿ ಅವರ ಚಿಂತನೆಯೂ, ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಮಂಡಿಸಿದ ಯೋಜನಾ ಪದ್ಧತಿಯೂ ಇದರ ಬೇರುಗಳು. ಓಟವನ್ನು ಬಳಸುವುದರಲ್ಲಿರುವ ಹೆಚ್ಚಿನ ಅನುಕೂಲವೆಂದರೆ ಅದರ ಕಾಲಮಿತಿ. ಆರಂಭದ ದಿನ ನಿಗದಿಯಾಗಿರುತ್ತದೆ, ಎರಡು ವಾರದೊಳಗೆ ಬಹುಪಾಲು ತಂಡಗಳು ನೋಮ್ ಸೇರುತ್ತವೆ, ಅಷ್ಟರಲ್ಲಿ ಪ್ರತಿದಿನವೂ ಹೊಸ ಅಂಕಿ ಅಂಶ ಬಂದು ಬೀಳುತ್ತದೆ.

ಓಟದ ವ್ಯವಸ್ಥಾಪಕ ಮಂಡಳಿಯೇ ಒಂದು ಶಿಕ್ಷಣ ವಿಭಾಗವನ್ನು ನಡೆಸುತ್ತ ಬಂದಿದೆ. ಶಿಕ್ಷಕರಿಗೆ ಪಾಠಯೋಜನೆಗಳು, ಅಲಾಸ್ಕದಲ್ಲಿ ಶಿಕ್ಷಕರ ಸಮಾವೇಶಗಳು, ನಾಯಿಗಳ ಮಾತಿನಲ್ಲೇ ಮಕ್ಕಳಿಗಾಗಿ ಬರೆದ ಅಂಕಣಗಳು ಅದರ ಕೆಲಸಗಳಲ್ಲಿ ಸೇರಿವೆ. ಅದರ ಹೆಸರಾದ ಯೋಜನೆ ‘ಟೀಚರ್ ಆನ್ ದಿ ಟ್ರೇಲ್’. ಆಯ್ಕೆಯಾದ ಒಬ್ಬ ಶಿಕ್ಷಕರು ಓಟದ ಕಾಲದಲ್ಲಿ ಸಣ್ಣ ವಿಮಾನಗಳಲ್ಲಿ ಚೆಕ್‌ಪಾಯಿಂಟ್‌ನಿಂದ ಚೆಕ್‌ಪಾಯಿಂಟ್‌ಗೆ ಹೋಗಿ, ಕಂಡದ್ದನ್ನು ಪಾಠವಾಗಿ ಬರೆದು ದೂರದ ತರಗತಿಗಳಿಗೆ ಕಳುಹಿಸುತ್ತಾರೆ. 2000ದ ದಶಕದ ಕೊನೆಗೆ ಬಂಡಿಗಳಿಗೆ ಜಿಪಿಎಸ್ ಉಪಕರಣ ಕಟ್ಟುವುದು ಆರಂಭವಾದ ಮೇಲೆ ಪ್ರತಿ ತಂಡ ಎಲ್ಲಿದೆ, ಓಡುತ್ತಿದೆಯೋ ನಿಂತಿದೆಯೋ ಎಂಬುದನ್ನು ತರಗತಿಯಲ್ಲೇ ನೋಡಲು ಸಾಧ್ಯವಾಯಿತು.

ತರಗತಿಯಲ್ಲಿ ನಡೆಯುವ ಬಗೆ

ಸಿದ್ಧತೆ ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ ಶುರುವಾಗುತ್ತದೆ. ಮಕ್ಕಳು ಅಲಾಸ್ಕದ ನೆಲ, ಹವೆ, ಜನರ ಬಗ್ಗೆ ಓದುತ್ತಾರೆ. ಗೋಡೆಯ ಮೇಲೆ ದೊಡ್ಡ ನಕ್ಷೆ ಏಳುತ್ತದೆ. ಬಳಿಕ ಪ್ರತಿಯೊಬ್ಬರೂ ಒಬ್ಬ ಮಶರ್‌ನನ್ನು ಆರಿಸಿಕೊಳ್ಳುತ್ತಾರೆ ಅಥವಾ ಚೀಟಿ ಎತ್ತಿ ಪಡೆಯುತ್ತಾರೆ. ಚೀಟಿ ಎತ್ತುವುದಕ್ಕೆ ಒಂದು ಲಾಭವಿದೆ: ಹಿಂದುಳಿದ ತಂಡವನ್ನೂ ಯಾರೋ ಒಬ್ಬರು ಆಸಕ್ತಿಯಿಂದ ಗಮನಿಸುತ್ತಿರುತ್ತಾರೆ, ಗೆಲುವಿನ ಸುದ್ದಿಯೊಂದಿಗೆ ಪಾಠ ನಿಲ್ಲುವುದಿಲ್ಲ. ಓಟ ಆರಂಭವಾದ ಮೇಲೆ ದಿನಕ್ಕೊಮ್ಮೆ ಪಟ್ಟಿ ನೋಡಿ ನಕ್ಷೆಯ ಗುರುತು ಸರಿಸುವುದು, ವೇಗ ಲೆಕ್ಕ ಹಾಕುವುದು, ದಿನಚರಿ ಬರೆಯುವುದು ನಿತ್ಯದ ಕೆಲಸ. ಕೆಲವು ಶಾಲೆಗಳಲ್ಲಿ ಓದಿನ ಓಟವೂ ಜೊತೆಗೆ ನಡೆಯುತ್ತದೆ. ಓದಿದ ಹೊತ್ತನ್ನು ಮೈಲಿಗಳಾಗಿ ಎಣಿಸಿ, ಪುಸ್ತಕ ಓದುತ್ತಲೇ ನೋಮ್ ತಲುಪುವ ಆಟ ಅದು.

ಗಣಿತ

ಎಲ್ಲ ವಿಷಯಗಳಿಗಿಂತ ಗಣಿತಕ್ಕೆ ಈ ಓಟ ಹೆಚ್ಚು ಒದಗುತ್ತದೆ. ಕಾಲ, ದೂರ, ವೇಗಗಳ ಸಾಮಾನ್ಯ ಲೆಕ್ಕ ಇದ್ದೇ ಇದೆ. ಅದಕ್ಕಿಂತ ಸ್ವಾರಸ್ಯವಾದದ್ದು ಆರಂಭದ ಅಂತರವನ್ನು ಸರಿದೂಗಿಸುವ ನಿಯಮ. ತಂಡಗಳು ಎರಡೆರಡು ನಿಮಿಷದ ಅಂತರದಲ್ಲಿ ಹೊರಡುತ್ತವೆ. 40 ತಂಡಗಳಿದ್ದರೆ ಮೊದಲನೆಯದು ಕೊನೆಯದಕ್ಕಿಂತ 39 × 2 = 78 ನಿಮಿಷ ಮುಂಚೆ ಹಾದಿ ಹಿಡಿದಿರುತ್ತದೆ. ಈ ಅನುಕೂಲವನ್ನು 24 ಗಂಟೆಯ ಕಡ್ಡಾಯ ವಿಶ್ರಾಂತಿಯಲ್ಲಿ ಕಳೆಯುತ್ತಾರೆ: ಕೊನೆಗೆ ಹೊರಟವರು ಸರಿಯಾಗಿ 24 ಗಂಟೆ ತಂಗಿದರೆ ಮೊದಲು ಹೊರಟವರು 25 ಗಂಟೆ 18 ನಿಮಿಷ ತಂಗಬೇಕು. ಯಾರು ಎಲ್ಲಿ ಈ ವಿಶ್ರಾಂತಿ ತೆಗೆದುಕೊಂಡರು ಎಂದು ತಿಳಿಯದೆ, ಮಧ್ಯದ ಯಾವ ದಿನವೂ ನಿಜವಾಗಿ ಮುಂದಿರುವವರು ಯಾರೆಂದು ಹೇಳಲಾಗದು. ಪಟ್ಟಿಯ ಮೊದಲ ಹೆಸರು ನೋಡಿ ಮೋಸಹೋದ ಮಗು ಕಳೆಯುವ ಲೆಕ್ಕವನ್ನು ತಾನಾಗಿಯೇ ಮಾಡತೊಡಗುತ್ತದೆ.

ಗಡಿಯಾರವೂ ಒಂದು ತೊಡಕು ತರುತ್ತದೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ನಸುಕಿನ 2 ಗಂಟೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಈ ದಿನ ಸಾಮಾನ್ಯವಾಗಿ ಓಟದ ನಡುವೆಯೇ ಬರುತ್ತದೆ. ಶನಿವಾರ ರಾತ್ರಿ 10ಕ್ಕೆ ಹೊರಟು ಭಾನುವಾರ ಬೆಳಿಗ್ಗೆ 6ಕ್ಕೆ ತಲುಪಿದ ತಂಡ ಓಡಿದ್ದು 8 ಗಂಟೆಯಲ್ಲ, 7 ಗಂಟೆ. ಕರ್ನಾಟಕದ ಶಾಲೆಯೊಂದು ಓಟವನ್ನು ಹಿಂಬಾಲಿಸಿದರೆ, ಅಲ್ಲಿಗೂ ಇಲ್ಲಿಗೂ ಇರುವ ಸಮಯದ ವ್ಯತ್ಯಾಸ ಅಂದಿನವರೆಗೆ ಹದಿನಾಲ್ಕೂವರೆ ಗಂಟೆ, ಅಲ್ಲಿಂದಾಚೆಗೆ ಹದಿಮೂರೂವರೆ ಗಂಟೆ.

ದತ್ತಾಂಶವನ್ನು ಹೋಲಿಸುವಾಗ ಇರಬೇಕಾದ ಎಚ್ಚರವನ್ನೂ ಓಟ ಕಲಿಸುತ್ತದೆ. 2017ರಲ್ಲಿ ಮಿಚ್ ಸೀವಿ 8 ದಿನ 3 ಗಂಟೆ 40 ನಿಮಿಷದಲ್ಲಿ ಗುರಿ ಮುಟ್ಟಿದರು. ವಿಶ್ರಾಂತಿಯೂ ಸೇರಿ ಸರಾಸರಿ ವೇಗ ಗಂಟೆಗೆ ಸುಮಾರು 8 ಕಿ.ಮೀ. 1973ರ ವಿಜೇತರಿಗೆ ಹಿಡಿದ ಕಾಲದ ಅರ್ಧಕ್ಕಿಂತಲೂ ಇದು ಕಡಿಮೆ. ಹಾಗೆಂದು ನಾಯಿಗಳ ವೇಗ ಎರಡು ಪಟ್ಟಿಗಿಂತ ಹೆಚ್ಚಾಯಿತೆನ್ನುವಂತಿಲ್ಲ. ಹಾದಿ ಸಿದ್ಧಪಡಿಸುವ ವ್ಯವಸ್ಥೆ, ಆಹಾರ, ತರಬೇತಿ ಎಲ್ಲವೂ ಬದಲಾಗಿದ್ದವು; ಮೇಲಾಗಿ 2017ರ ಓಟ ಪರ್ವತ ದಾಟದೆ ಫೇರ್‌ಬ್ಯಾಂಕ್ಸ್‌ನಿಂದ ಹೊರಟು ಬಹುಪಾಲು ಹೆಪ್ಪುಗಟ್ಟಿದ ನದಿಗಳ ಮೇಲೆ ಸಾಗಿತ್ತು. ಇನ್ನೊಂದು ತುದಿಯಲ್ಲಿ 1978ರ ಓಟವಿದೆ. ಹದಿನಾಲ್ಕು ದಿನಕ್ಕೂ ಹೆಚ್ಚು ಓಡಿದ ಮೇಲೆ ಡಿಕ್ ಮ್ಯಾಕಿ, ರಿಕ್ ಸ್ವೆನ್‌ಸನ್ ಅವರನ್ನು ಒಂದೇ ಒಂದು ಸೆಕೆಂಡಿನಿಂದ ಸೋಲಿಸಿದರು. ಗೆರೆಯನ್ನು ಮೊದಲು ದಾಟಿದ ನಾಯಿಯ ಮೂಗೇ ತೀರ್ಪು ನೀಡಿತು. ಹನ್ನೆರಡು ಲಕ್ಷಕ್ಕೂ ಹೆಚ್ಚಿನ ಸೆಕೆಂಡುಗಳಲ್ಲಿ ಒಂದು ಸೆಕೆಂಡಿನ ಪಾಲೆಷ್ಟು ಎಂಬ ಪ್ರಶ್ನೆ ಭಿನ್ನರಾಶಿಯ ಪಾಠಕ್ಕೆ ಸಾಕು.

ಚಿಕ್ಕ ಮಕ್ಕಳಿಗೆ ಗುಣಾಕಾರ ಹೇಳಿಕೊಡಲು ನಾಯಿಗಳ ಕಾಲುಚೀಲಗಳಿವೆ. ಮಂಜುಗಡ್ಡೆಯ ಚೂಪಿನಿಂದ ಪಾದ ಕಾಯಲು ಪ್ರತಿ ನಾಯಿಗೂ ಬಟ್ಟೆಯ ಚೀಲ ತೊಡಿಸುತ್ತಾರೆ. 16 ನಾಯಿಗಳ ತಂಡಕ್ಕೆ ಒಂದು ಸಲಕ್ಕೆ 64 ಬೇಕು. ಪ್ರತಿ 100 ಮೈಲಿಗೊಮ್ಮೆ ಬದಲಾಯಿಸಿದರೂ ಸಾವಿರ ಮೈಲಿಗೆ 640 ಆಗುತ್ತವೆ.

ವಿಜ್ಞಾನ

ಜೀವವಿಜ್ಞಾನದಲ್ಲಿ ಮೊದಲು ಎದುರಾಗುವುದು ನಾಯಿಯ ದೇಹ. ಓಟದ ದಿನಗಳಲ್ಲಿ ಒಂದು ನಾಯಿಗೆ ದಿನಕ್ಕೆ 10,000 ಕಿಲೊಕ್ಯಾಲರಿಗೂ ಹೆಚ್ಚು ಶಕ್ತಿ ಬೇಕಾಗುತ್ತದೆ. ಅದರ ದೊಡ್ಡ ಪಾಲು ಕೊಬ್ಬಿನಿಂದ ಬರುತ್ತದೆ. ದಿನಗಟ್ಟಲೆ ಓಡಿದರೂ ಈ ನಾಯಿಗಳ ಸ್ನಾಯುಗಳು ದಣಿಯದೆ ಹೊಂದಿಕೊಳ್ಳುವ ಬಗೆಯನ್ನು ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಡೇವಿಸ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದಾರೆ. ಮೈಯ ದಟ್ಟ ತುಪ್ಪಳ, ಬೆವರಿನ ಬದಲು ತೇಕುವ ಮೂಲಕ ಶಾಖ ಹೊರಹಾಕುವ ವಿಧಾನ ತಿಳಿದರೆ, ಚಳಿಗಿಂತ ಬಿಸಿಲೇ ನಾಯಿಗಳಿಗೆ ತೊಂದರೆ ಕೊಡುವುದೇಕೆ, ಮಶರ್‌ಗಳು ರಾತ್ರಿಯ ಓಟವನ್ನು ಮೆಚ್ಚುವುದೇಕೆ ಎಂಬುದು ಸ್ಪಷ್ಟವಾಗುತ್ತದೆ.

ಭೌತವಿಜ್ಞಾನಕ್ಕೆ ಬಂಡಿಯ ಅಡಿಪಟ್ಟಿ ಮತ್ತು ಹಿಮದ ನಡುವಿನ ಘರ್ಷಣೆ, ಭಾರದ ಹಂಚಿಕೆ, ಜೋಡಿ ಜೋಡಿಯಾಗಿ ಕಟ್ಟಿದ ನಾಯಿಗಳ ಎಳೆತ ಸಿದ್ಧ ಉದಾಹರಣೆಗಳು. ಗಾಳಿಯ ಚಳಿ ಎಂಬ ಪರಿಕಲ್ಪನೆಯನ್ನು ಇಲ್ಲಿ ಅಂಕಿಯಲ್ಲೇ ತೋರಿಸಬಹುದು: –30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಮುಖಕ್ಕೆ ತಾಗುವ ಚಳಿ ಸುಮಾರು –46 ಡಿಗ್ರಿಯದು. ಈ ಸೂತ್ರ ಮನುಷ್ಯನ ಬರಿಯ ಚರ್ಮಕ್ಕೆ ಮಾತ್ರ, ತುಪ್ಪಳವಿರುವ ನಾಯಿಗೆ ಅನ್ವಯಿಸದು ಎಂಬುದನ್ನೂ ಜೊತೆಗೇ ಹೇಳಬೇಕು. ಸೆಲ್ಸಿಯಸ್, ಫ್ಯಾರನ್‌ಹೀಟ್ ಎರಡೂ –40ರಲ್ಲಿ ಒಂದಾಗುವುದು ಇಲ್ಲಿ ಪುಸ್ತಕದ ಕುತೂಹಲವಾಗಿ ಉಳಿಯುವುದಿಲ್ಲ. ಹಾದಿಯಲ್ಲಿ ಅಂಥ ರಾತ್ರಿಗಳು ಬರುತ್ತವೆ.

ತಳಿವಿಜ್ಞಾನಕ್ಕೂ ಒಂದು ದಾರಿ ತೆರೆದಿದೆ. 1925ರಲ್ಲಿ ನಾಯಿಬಂಡಿಗಳ ಮೂಲಕ ನೋಮ್‌ಗೆ ನಡೆದ ಔಷಧಿ ಸಾಗಣೆಯಿಂದ ಹೆಸರಾದ ಬಾಲ್ಟೊ ಎಂಬ ನಾಯಿಯ ದೇಹವನ್ನು ಕ್ಲೀವ್‌ಲ್ಯಾಂಡ್‌ನ ಪ್ರಕೃತಿ ವಿಜ್ಞಾನ ಸಂಗ್ರಹಾಲಯದಲ್ಲಿ ಕಾಪಾಡಿದ್ದಾರೆ. ಅದರ ಡಿಎನ್‌ಎ ವಿಶ್ಲೇಷಣೆ 2023ರಲ್ಲಿ ಪ್ರಕಟವಾಯಿತು. ಇಂದಿನ ಶುದ್ಧ ತಳಿಗಳಿಗಿಂತ ಬಾಲ್ಟೊನಲ್ಲಿ ಹೆಚ್ಚು ಆನುವಂಶಿಕ ವೈವಿಧ್ಯವಿತ್ತೆಂದು ಅದು ತೋರಿಸಿತು.

ಭೂಗೋಳ

ಅಲಾಸ್ಕದ ವಿಸ್ತೀರ್ಣ ಕರ್ನಾಟಕದ ಸುಮಾರು ಒಂಬತ್ತು ಪಟ್ಟು. ಜನಸಂಖ್ಯೆ 2020ರ ಗಣತಿಯಂತೆ ಏಳೂವರೆ ಲಕ್ಷಕ್ಕಿಂತ ಕಡಿಮೆ. ಓಟದ ಹಾದಿ ಈ ವಿಸ್ತಾರದ ಒಂದು ಸೀಳುನೋಟ ಕೊಡುತ್ತದೆ. ವಿಲ್ಲೋ ಸುತ್ತಲಿನ ಕಾಡು ಕಳೆದು ರೇನಿ ಪಾಸ್ ಕಣಿವೆಯ ಮೂಲಕ ಅಲಾಸ್ಕ ಪರ್ವತಶ್ರೇಣಿಯನ್ನು ದಾಟಿ, ಕಸ್ಕೊಕ್ವಿಮ್ ನದಿಯ ಬಯಲಿಗೆ ಇಳಿದು, ಯೂಕಾನ್ ನದಿಯ ಹೆಪ್ಪುಗಟ್ಟಿದ ಮೈಮೇಲೆ ಸಾಗಿ, ಉನಲಕ್ಲೀಟ್‌ನಲ್ಲಿ ಸಮುದ್ರ ಮುಟ್ಟುತ್ತದೆ. ಶಕ್ತೂಲಿಕ್‌ನಿಂದ ಕೊಯುಕ್‌ಗೆ ನಾರ್ಟನ್ ಕೊಲ್ಲಿಯ ಮಂಜುಗಡ್ಡೆಯ ಮೇಲೆಯೇ ಹೋಗಬೇಕು. ವಿಷುವದ ಆಸುಪಾಸಿನ ದಿನಗಳಾದ್ದರಿಂದ ಹಗಲು ದಿನಕ್ಕೆ ಐದಾರು ನಿಮಿಷ ಬೆಳೆಯುತ್ತ ಹೋಗುವುದನ್ನೂ ಮಕ್ಕಳು ಪಟ್ಟಿ ಮಾಡಬಹುದು.

ಹಾದಿಯ ಹಳ್ಳಿಗಳು ಅಥಬಾಸ್ಕನ್, ಯುಪಿಕ್, ಇನುಪಿಯಾಕ್ ಮೂಲನಿವಾಸಿಗಳ ನೆಲೆಗಳು. ಓಟ ಗೆದ್ದವರಲ್ಲೂ ಅವರಿದ್ದಾರೆ: 1975ರಲ್ಲಿ ಅಥಬಾಸ್ಕನ್ ಸಮುದಾಯದ ಎಮಿಟ್ ಪೀಟರ್ಸ್, 2011ರಲ್ಲಿ ಇನುಪಿಯಾಕ್ ಸಮುದಾಯದ ಜಾನ್ ಬೇಕರ್, 2019ರಲ್ಲಿ ಯುಪಿಕ್ ಸಮುದಾಯದ ಪೀಟ್ ಕೈಸರ್. 2014ರಲ್ಲಿ ಅಲಾಸ್ಕ ಇಪ್ಪತ್ತು ಮೂಲನಿವಾಸಿ ಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟಿತು. ಈ ಜನರನ್ನು ಹಿನ್ನೆಲೆಯ ಚಿತ್ರವಾಗಿಸದೆ ಇಂದಿನ ಪ್ರಜೆಗಳಾಗಿ ಪರಿಚಯಿಸುವುದು ಉತ್ತಮ ಪಾಠದ ಲಕ್ಷಣ.

ಹವಾಮಾನ ಬದಲಾವಣೆಯ ಪಾಠವನ್ನು ಓಟವೇ ಎತ್ತಿಕೊಡುತ್ತದೆ. ಹಿಮ ಸಾಲದೆ 2003, 2015, 2017 ಮತ್ತು 2025ರಲ್ಲಿ ಓಟವನ್ನು ಉತ್ತರದ ಫೇರ್‌ಬ್ಯಾಂಕ್ಸ್‌ನಿಂದ ಹೊರಡಿಸಬೇಕಾಯಿತು. ಈ ನಾಲ್ಕು ವರ್ಷಗಳನ್ನು ಕಾಲರೇಖೆಯಲ್ಲಿ ಗುರುತಿಸಿದ ಮಕ್ಕಳು ಮುಂದೆ ದೀರ್ಘಾವಧಿಯ ತಾಪಮಾನದ ದಾಖಲೆಗಳತ್ತ ತಿರುಗಬಹುದು. ಬರಿಯ ನಾಲ್ಕು ವರ್ಷಗಳಿಂದ ತೀರ್ಮಾನಕ್ಕೆ ಬರಲಾಗದೆಂಬುದೂ ವಿಜ್ಞಾನದ ಪಾಠವೇ.

ಇತಿಹಾಸ

1925ರ ಜನವರಿಯಲ್ಲಿ ನೋಮ್‌ನಲ್ಲಿ ಗಂಟಲಮಾರಿ, ಎಂದರೆ ಡಿಫ್ತೀರಿಯ, ಕಾಣಿಸಿಕೊಂಡಿತು. ವೈದ್ಯ ಕರ್ಟಿಸ್ ವೆಲ್ಚ್ ತಂತಿ ಕಳುಹಿಸಿ ಪ್ರತಿವಿಷಕ್ಕಾಗಿ ಮೊರೆಯಿಟ್ಟರು. ಆಂಕರೇಜ್‌ನಲ್ಲಿದ್ದ ಔಷಧಿಯನ್ನು ರೈಲಿನಲ್ಲಿ ನೆನಾನದವರೆಗೆ ತಂದು, ಅಲ್ಲಿಂದ 674 ಮೈಲಿ ದೂರವನ್ನು 20 ಮಶರ್‌ಗಳು ಸುಮಾರು 150 ನಾಯಿಗಳೊಂದಿಗೆ ಸರದಿಯ ಮೇಲೆ ಐದೂವರೆ ದಿನದಲ್ಲಿ ದಾಟಿದರು. ಫೆಬ್ರವರಿ 2ರಂದು ಗುನ್ನಾರ್ ಕಾಸೆನ್ ಅವರ ತಂಡ ಔಷಧಿಯನ್ನು ನೋಮ್‌ಗೆ ಮುಟ್ಟಿಸಿತು. ಆ ತಂಡದ ಮುಂಚೂಣಿಯಲ್ಲಿದ್ದದ್ದು ಬಾಲ್ಟೊ.

ಐಡಿಟರಾಡ್ ಓಟ ಈ ಘಟನೆಯ ಸ್ಮರಣೆಗಾಗಿಯೇ ಹುಟ್ಟಿತೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಓಟದ ಮೂಲ ಉದ್ದೇಶ ನಾಯಿಬಂಡಿಯ ಪರಂಪರೆ ಮತ್ತು ಹಾದಿಯ ರಕ್ಷಣೆ. ಔಷಧಿ ಸಾಗಿದ ಹಾದಿಗೂ ಓಟದ ಹಾದಿಗೂ ಕೆಲವು ಭಾಗ ಮಾತ್ರ ಸಮಾನ. ಈ ತಪ್ಪು ತಿಳಿವಳಿಕೆಯನ್ನೇ ಆಕರ ಪರಿಶೀಲನೆಯ ಅಭ್ಯಾಸವಾಗಿ ಬಳಸಬಹುದು. ಕೀರ್ತಿಯ ಹಂಚಿಕೆ ಅದರ ಮುಂದಿನ ಪ್ರಶ್ನೆ. ಲಿಯನ್‌ಹಾರ್ಡ್ ಸೆಪ್ಪಾಲ ಮತ್ತು ಅವರ ನಾಯಿ ಟೋಗೊ ಔಷಧಿ ಹೊತ್ತು ಕ್ರಮಿಸಿದ್ದು 91 ಮೈಲಿ. ಕಾಸೆನ್, ಬಾಲ್ಟೊ ಕ್ರಮಿಸಿದ್ದು 53 ಮೈಲಿ. ಆದರೂ ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಪ್ರತಿಮೆ ಎದ್ದದ್ದು ಬಾಲ್ಟೊಗೆ. ಸರದಿಯಲ್ಲಿ ಓಡಿದ ಮೂಲನಿವಾಸಿ ಮಶರ್‌ಗಳ ಹೆಸರು ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣಲೇ ಇಲ್ಲ. ಬಾಲ್ಟೊಗೂ ಒಳ್ಳೆಯ ದಿನಗಳು ಉಳಿಯಲಿಲ್ಲ. ಪ್ರದರ್ಶನದ ಸರಕಾಗಿ ಕಷ್ಟದಲ್ಲಿದ್ದ ಅದನ್ನು 1927ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ಜನ ಹಣ ಕೂಡಿಸಿ ಬಿಡಿಸಿದರು. ಶಾಲಾ ಮಕ್ಕಳು ಚಿಲ್ಲರೆ ಕಾಸು ಕೊಟ್ಟು ಅದರಲ್ಲಿ ಕೈಜೋಡಿಸಿದ್ದರು.

1867ರಲ್ಲಿ 72 ಲಕ್ಷ ಡಾಲರಿಗೆ ನಡೆದ ಅಲಾಸ್ಕದ ಖರೀದಿ, 1890ರ ದಶಕದ ಕೊನೆಯಲ್ಲಿ ನೋಮ್‌ಗೆ ಜನ ಮುಗಿಬಿದ್ದ ಚಿನ್ನದ ಬೇಟೆ, 1910ರ ಸುಮಾರಿಗೆ ಎದ್ದು ಬೇಗನೆ ಬರಿದಾದ ಐಡಿಟರಾಡ್ ಪಟ್ಟಣ ಇವೂ ಪಾಠದೊಳಗೆ ಬರುತ್ತವೆ. ಮಹಿಳೆಯರ ಸಾಧನೆಗೆ 1985ರಲ್ಲಿ ಬಿರುಗಾಳಿಯ ನಡುವೆ ಮುನ್ನುಗ್ಗಿ ಗೆದ್ದ ಮೊದಲ ಮಹಿಳೆ ಲಿಬಿ ರಿಡಲ್ಸ್, ನಾಲ್ಕು ಬಾರಿ ಗೆದ್ದ ಸೂಸನ್ ಬುಚರ್ ನಿದರ್ಶನ.

ಭಾಷೆ ಮತ್ತು ಸಾಹಿತ್ಯ

ಜ್ಯಾಕ್ ಲಂಡನ್‌ರ ‘ದಿ ಕಾಲ್ ಆಫ್ ದಿ ವೈಲ್ಡ್’ (1903), ಜಾನ್ ರೆನಾಲ್ಡ್ಸ್ ಗಾರ್ಡಿನರ್‌ರ ‘ಸ್ಟೋನ್ ಫಾಕ್ಸ್’ (1980) ಈ ಘಟ್ಟದಲ್ಲಿ ಓದಿಸುವಂಥ ಕೃತಿಗಳು. ಗ್ಯಾರಿ ಪಾಲ್ಸನ್ ಸ್ವತಃ 1983 ಮತ್ತು 1985ರ ಓಟಗಳಲ್ಲಿ ಪಾಲ್ಗೊಂಡವರು. ಅವರ ‘ವುಡ್‌ಸಾಂಗ್’ ಅನುಭವ ಕಥನವಾಗಿ ಮಕ್ಕಳಿಗೆ ಹತ್ತಿರವಾಗುತ್ತದೆ. ಬರವಣಿಗೆಯಲ್ಲಿ ದಿನಪತ್ರಿಕೆಯ ವರದಿ, ಮಶರ್‌ಗೆ ಪತ್ರ, ನಾಯಿಯ ದೃಷ್ಟಿಯ ದಿನಚರಿ ಮುಂತಾದವನ್ನು ಮಾಡಿಸುತ್ತಾರೆ. ಒಂದೇ ಘಟನೆಯನ್ನು ವರದಿಯಾಗಿಯೂ ಕಥೆಯಾಗಿಯೂ ಬರೆಸಿದಾಗ ತಿಳಿದದ್ದಕ್ಕೂ ಊಹಿಸಿದ್ದಕ್ಕೂ ಇರುವ ಗಡಿ ಮಕ್ಕಳಿಗೆ ಕಾಣುತ್ತದೆ.

ಪೌರನೀತಿ ಮತ್ತು ನೈತಿಕ ಪ್ರಶ್ನೆಗಳು

ಓಟದ ನಿಯಮಾವಳಿಯೇ ಒಂದು ಪೌರನೀತಿಯ ಪಠ್ಯ. ಆತ್ಮರಕ್ಷಣೆಗಾಗಿ ಮೂಸ್‌ನಂಥ ದೊಡ್ಡ ಪ್ರಾಣಿಯನ್ನು ಕೊಲ್ಲಬೇಕಾಗಿ ಬಂದರೆ, ಮಾಂಸ ಹಾಳಾಗದಂತೆ ಅದರ ಕರುಳು ತೆಗೆದು ಮುಂದಿನ ಚೆಕ್‌ಪಾಯಿಂಟ್‌ನಲ್ಲಿ ತಿಳಿಸಬೇಕು. 2024ರಲ್ಲಿ ಡಲ್ಲಾಸ್ ಸೀವಿ ಈ ಕೆಲಸವನ್ನು ಸರಿಯಾಗಿ ಮಾಡಲಿಲ್ಲವೆಂದು ಎರಡು ಗಂಟೆಯ ದಂಡಕ್ಕೆ ಗುರಿಯಾದರು. ಆಮೇಲೂ ಗೆದ್ದು ಆರನೆಯ ಬಾರಿಗೆ ವಿಜೇತರಾಗಿ ದಾಖಲೆ ಬರೆದರು. ಆಹಾರವನ್ನು ವ್ಯರ್ಥ ಮಾಡಬಾರದೆಂಬ ಸ್ಥಳೀಯ ನಡವಳಿಕೆ ಕ್ರೀಡೆಯ ಕಾನೂನಾದ ಬಗೆ ಇಲ್ಲಿ ಚರ್ಚೆಗೆ ಸಿಗುತ್ತದೆ.

ಪ್ರಾಣಿಹಿತದ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ಓಟದಲ್ಲಿ ನಾಯಿಗಳು ಸತ್ತಿವೆ. 2024ರ ಒಂದೇ ಓಟದಲ್ಲಿ ಮೂರು ಸತ್ತವು. ಪೇಟಾ ಮುಂತಾದ ಪ್ರಾಣಿಹಕ್ಕು ಸಂಘಟನೆಗಳು ಓಟವನ್ನೇ ನಿಲ್ಲಿಸಬೇಕೆನ್ನುತ್ತವೆ. ಅಲಾಸ್ಕ ಏರ್‌ಲೈನ್ಸ್, ಎಕ್ಸಾನ್‌ಮೊಬಿಲ್‌ನಂಥ ದೊಡ್ಡ ಕಂಪನಿಗಳು ಪ್ರಾಯೋಜಕತ್ವದಿಂದ ಹಿಂದೆ ಸರಿದಿವೆ. ಓಟಕ್ಕೆ ಮುಂಚಿನ ಹೃದಯ ಮತ್ತು ರಕ್ತ ಪರೀಕ್ಷೆ, ಹಾದಿಯಲ್ಲಿನ ಪಶುವೈದ್ಯರು, ಕಡ್ಡಾಯ ವಿಶ್ರಾಂತಿ, ಓಡುವುದೇ ಈ ನಾಯಿಗಳ ಸ್ವಭಾವವೆಂಬ ಮಾತು ಬೆಂಬಲಿಗರ ವಾದ. ಮಂಡಳಿಯ ಪಾಠಸಾಮಗ್ರಿ ಓಟದ ಪರವಾಗಿಯೇ ಇರುವುದು ಸಹಜ. ಆದ್ದರಿಂದ ಎರಡೂ ಕಡೆಯ ಬರಹಗಳನ್ನು ತರಗತಿಗೆ ತಂದು, ಯಾವುದು ಅಂಕಿ ಅಂಶ, ಯಾವುದು ಅಭಿಪ್ರಾಯ ಎಂದು ಮಕ್ಕಳಿಂದಲೇ ಬೇರ್ಪಡಿಸಿಸುವುದು ಶಿಕ್ಷಕರ ಹೊಣೆ. ಈ ಚರ್ಚೆಯನ್ನು ಬಿಟ್ಟ ಪಾಠ ಓಟದ ಜಾಹೀರಾತಿನ ಮಟ್ಟಕ್ಕೆ ಇಳಿಯುತ್ತದೆ.

ಮಿತಿಗಳು

ನಾಯಿಯ ಚಿತ್ರ ಅಂಟಿಸಿದ ಮಾತ್ರಕ್ಕೆ ಕೂಡುವ ಲೆಕ್ಕ ಐಡಿಟರಾಡ್ ಪಾಠವಾಗುವುದಿಲ್ಲ. ಬೊಂಬೆ, ಬಣ್ಣದ ಕಾಗದ, ಆಟದ ಬಂಡಿಗಳಲ್ಲೇ ವಾರ ಕಳೆದು ಕಲಿಕೆ ಹಿಂದೆ ಬೀಳುವುದು ಇಂಥ ಎಲ್ಲ ಸಂಯೋಜಿತ ಘಟಕಗಳಲ್ಲೂ ಕಾಣುವ ಅಪಾಯ. ಗ್ರಾಂಟ್ ವಿಗಿನ್ಸ್ ಮತ್ತು ಜೇ ಮ್ಯಾಕ್‌ಟೈ 1998ರಲ್ಲಿ ಮಂಡಿಸಿದ ಕ್ರಮದಂತೆ, ಮಕ್ಕಳು ಕೊನೆಗೆ ಏನನ್ನು ಅರಿತಿರಬೇಕೆಂದು ಮೊದಲು ನಿಶ್ಚಯಿಸಿ ಚಟುವಟಿಕೆಯನ್ನು ಆಮೇಲೆ ಆರಿಸಿದರೆ ಈ ಅಪಾಯ ತಗ್ಗುತ್ತದೆ. ಎಲ್ಲ ವಿಷಯಗಳನ್ನೂ ಒಂದೇ ಓಟಕ್ಕೆ ಬಿಗಿಯಬೇಕಾಗಿಲ್ಲ. ಸರಾಸರಿ, ಕಾಲಮಾನ, ಆಕರ ಪರಿಶೀಲನೆಗಳಿಗೆ ಅದು ಒಗ್ಗುತ್ತದೆ. ವ್ಯಾಕರಣದ ನಿಯಮಕ್ಕೋ ಬೀಜಗಣಿತದ ಸೂತ್ರಕ್ಕೋ ಒಗ್ಗದಿದ್ದರೆ ಬಿಡುವುದೇ ಸರಿ.

ಇತರ ಓಟಗಳು

1984ರಲ್ಲಿ ಆರಂಭವಾಗಿ 2020ರವರೆಗೆ ಫೇರ್‌ಬ್ಯಾಂಕ್ಸ್ ಮತ್ತು ಕೆನಡದ ವೈಟ್‌ಹಾರ್ಸ್ ನಡುವೆ ನಡೆದ ಯೂಕಾನ್ ಕ್ವೆಸ್ಟ್, 1981ರಿಂದ ನಾರ್ವೆಯ ಉತ್ತರ ತುದಿಯಲ್ಲಿ ನಡೆಯುತ್ತಿರುವ ಫಿನ್‌ಮಾರ್ಕ್ಸ್‌ಲೋಪೆಟ್ ಇದೇ ಬಗೆಯ ದೂರದ ಓಟಗಳು. ಒಂಟಿ ನಾವಿಕರು ಭೂಮಿಯನ್ನು ಸುತ್ತುವ ವಾಂದೇ ಗ್ಲೋಬ್ ಹಾಯಿದೋಣಿ ಸ್ಪರ್ಧೆಯನ್ನು ಫ್ರಾನ್ಸಿನ ಶಾಲೆಗಳು ಇದೇ ರೀತಿ ಹಿಂಬಾಲಿಸುತ್ತವೆ. ಗೊತ್ತಾದ ಹಾದಿ, ದಿನವೂ ದೊರೆಯುವ ಅಂಕಿ, ತಿಳಿಯದ ಫಲಿತಾಂಶ, ವಾದಕ್ಕೆಡೆಯಿರುವ ನಿಯಮ ಈ ನಾಲ್ಕೂ ಇರುವ ಯಾವ ದೀರ್ಘ ಸ್ಪರ್ಧೆಯಾದರೂ ಪಾಠಕ್ಕೆ ಆಗುತ್ತದೆ. ಸ್ಪರ್ಧೆ ತಾನೇ ಹುಟ್ಟಿಸುವ ಪ್ರಶ್ನೆಗಳನ್ನು ಆರಿಸಿಕೊಂಡ ತರಗತಿಯಲ್ಲಿ ಈ ಕ್ರಮ ಫಲ ಕೊಡುತ್ತದೆ. ಹೊರಗಿನಿಂದ ಪ್ರಶ್ನೆಗಳನ್ನು ತಂದು ಅಂಟಿಸಿದಲ್ಲಿ ಬರಿಯ ಅಲಂಕಾರವಾಗಿ ಉಳಿಯುತ್ತದೆ.